ಅಂತಃಸಾಕ್ಷಿಯನ್ನು ಗಂಟು ಕಟ್ಟಿದಾಗ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿರುವ ಮಗನ ಮನೆಯಲ್ಲಿ 2022ರ ಶರತ್ಕಾಲವನ್ನು ಕಳೆಯುವ ಅವಕಾಶ ನನಗೆ ಒದಗಿತ್ತು. ಅದು ಚುನಾವಣೆಯ ಕಾಲ. ಅಲ್ಲಿ ನಮ್ಮಲ್ಲಿಯಂತೆ ಗೋಡೆಬರಹಗಳಿಲ್ಲ, ಧ್ವನಿವರ್ಧಕಗಳಿಲ್ಲ. ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಸಣ್ಣ ಫಲಕಗಳನ್ನು ನೆಟ್ಟು ಜನರು ತಮ್ಮ ಒಲವನ್ನು ಸಾರುತ್ತಾರೆ. ಸಂಜೆಯ ನಡಿಗೆಯಲ್ಲಿ ಅವನ್ನು ಓದುತ್ತಾ ಹೋದರೆ ಇಡೀ ಬೀದಿಯ ರಾಜಕೀಯ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಒಂದು ಮನೆಯ ಮುಂದೆ ಮಾತ್ರ ಈ ನಕ್ಷೆ ಗೊಂದಲಕ್ಕೆ ಒಳಗಾಗುತ್ತಿತ್ತು. ಅಲ್ಲಿ ಡೆಮಾಕ್ರಾಟಿಕ್ ಪಕ್ಷದ ಅಭ್ಯರ್ಥಿಯೊಬ್ಬರ ಪರವಾದ ಫಲಕವಿತ್ತು. ಅದರ ಪಕ್ಕದಲ್ಲಿಯೇ, ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೆಂಬ ‘ಮೂರನೆಯ ಪ್ರಸ್ತಾವ’ವನ್ನು ತಿರಸ್ಕರಿಸಿರೆಂದು ಕೋರುವ ಇನ್ನೊಂದು ಫಲಕವೂ ಇತ್ತು.

ಆ ಮನೆಯೊಡತಿ ನಿವೃತ್ತ ಶಾಲಾ ಶಿಕ್ಷಕಿ, ನಿಷ್ಠಾವಂತ ಕ್ಯಾಥೊಲಿಕ್, ಮೂರು ದಶಕಗಳ ಕಾಲ ಶಿಕ್ಷಕರ ಸಂಘದ ಸದಸ್ಯೆಯಾಗಿದ್ದವರು. ಬೇಲಿಯಾಚೆಯ ಕುಶಲ ಸಂಭಾಷಣೆ ಕ್ರಮೇಣ ಚಹಾಕೂಟವಾಗಿ ಬೆಳೆದ ಮೇಲೆ ಅವರೇ ಹೇಳಿಕೊಂಡ ಸಂಗತಿಯಿದು: ಮೊದಲ ಫಲಕವನ್ನು ನೆಟ್ಟಾಗ ಚರ್ಚಿನ ಗೆಳತಿಯರು ಮಾತು ಕಡಿಮೆ ಮಾಡಿದರು, ಎರಡನೆಯದನ್ನು ನೆಟ್ಟಾಗ ಸಂಘದ ಗೆಳತಿಯರು ಬರುವುದನ್ನೇ ನಿಲ್ಲಿಸಿದರು. ಎರಡೂ ಕಡೆಯವರು ಕೇಳಿದ ಪ್ರಶ್ನೆ ಒಂದೇ: ನೀನು ನಿಜಕ್ಕೂ ಯಾರ ಪರ?

ಈ ಪ್ರಶ್ನೆ ಅಂದಿನಿಂದಲೂ ನನ್ನನ್ನು ಕಾಡುತ್ತಿದೆ. ಮುಂದುವರಿಯುವ ಮುನ್ನ ಒಂದು ಶಬ್ದದ ಬಗ್ಗೆ ಹೇಳಬೇಕು. ಗರ್ಭಪಾತವನ್ನು ವಿರೋಧಿಸುವವರು ಅಮೆರಿಕದಲ್ಲಿ ತಮ್ಮನ್ನು ‘ಪ್ರೊ-ಲೈಫ್’ ಎಂದು ಕರೆದುಕೊಳ್ಳುತ್ತಾರೆ. ಅಕ್ಷರಶಃ ಅನುವಾದಿಸಿದರೆ ಅದು ‘ಜೀವಪರ’ವಾಗುತ್ತದೆ. ಆದರೆ ಕನ್ನಡದಲ್ಲಿ ‘ಜೀವಪರ’ ಎಂಬುದು ಬಹುಕಾಲದಿಂದ ಪ್ರಗತಿಪರ ಲೇಖಕರ ನೆಚ್ಚಿನ ಮಾತು. ಯುದ್ಧವಿರೋಧಿ, ಜಾತಿವಿರೋಧಿ, ಪರಿಸರಸ್ನೇಹಿ, ಸ್ತ್ರೀವಾದಿ ನಿಲುವುಗಳೆಲ್ಲ ನಮ್ಮಲ್ಲಿ ಜೀವಪರವೇ. ನಮ್ಮ ಸಾಹಿತ್ಯಸಭೆಯೊಂದರ ಜೀವಪರ ಲೇಖಕರನ್ನು ಅಮೆರಿಕದ ಜೀವಪರ ಸಭೆಯಲ್ಲಿ ಕೂರಿಸಿದರೆ ಇಬ್ಬರೂ ಬೆಚ್ಚಿಬೀಳುತ್ತಾರೆ. ಇದು ನಗೆಯಾಡಿ ಬಿಡುವ ಸಂಗತಿಯಲ್ಲ. ಒಂದೇ ಶಬ್ದದ ಬೆನ್ನಿಗೆ ಒಂದು ದೇಶದಲ್ಲಿ ಒಂದು ಬಗೆಯ ಅಭಿಪ್ರಾಯಗಳ ಗಂಟು, ಇನ್ನೊಂದು ದೇಶದಲ್ಲಿ ಇನ್ನೊಂದು ಬಗೆಯ ಗಂಟು ಕಟ್ಟಿಕೊಂಡಿದೆ ಎಂಬುದಕ್ಕೆ ಇದು ಸಾಕ್ಷಿ. ಹುಟ್ಟದ ಶಿಶುವಿನ ಕುರಿತಾದ ನಂಬಿಕೆಗೂ ಶಿಕ್ಷಕರ ವೇತನಕ್ಕೂ, ಬಂದೂಕಿನ ಪರವಾನಗಿಗೂ, ಆದಾಯ ತೆರಿಗೆಯ ದರಕ್ಕೂ ತಾರ್ಕಿಕವಾದ ನಂಟು ಏನೂ ಇಲ್ಲ. ಆದರೂ ಮತದಾರನು ಇವೆಲ್ಲವನ್ನೂ ಒಟ್ಟಿಗೇ ಕೊಳ್ಳಬೇಕು, ಇಲ್ಲವೇ ಬರಿಗೈಯಲ್ಲಿ ಮರಳಬೇಕು. ಅಕ್ಕಿ ಬೇಕಾದವನು ಬೇಡದ ಬೆಲ್ಲವನ್ನೂ ಕೊಳ್ಳಬೇಕೆಂದು ಷರತ್ತು ವಿಧಿಸುವ ಅಂಗಡಿಯ ವ್ಯವಹಾರವಿದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ; ರಾಜಕಾರಣದಲ್ಲಿ ಮಾತ್ರ ನಾವು ಇದನ್ನು ಸಹಜವೆಂದು ಒಪ್ಪಿಕೊಂಡಿದ್ದೇವೆ.

ಈ ಗಂಟು ಪ್ರಕೃತಿದತ್ತವಲ್ಲ. ಅದನ್ನು ಕಟ್ಟಿದ ಕಾಲವನ್ನು ನಾವು ಗುರುತಿಸಬಹುದು. ಮುಂದೆ ಗರ್ಭಪಾತವಿರೋಧಿಗಳ ಆರಾಧ್ಯ ನಾಯಕನಾದ ರೊನಾಲ್ಡ್ ರೇಗನ್, ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದಾಗ 1967ರಲ್ಲಿ ಗರ್ಭಪಾತದ ನಿರ್ಬಂಧಗಳನ್ನು ಸಡಿಲಿಸುವ ಕಾಯ್ದೆಗೆ ಸಹಿ ಹಾಕಿದ್ದರು. ಮುಂದೆ ಗರ್ಭಪಾತದ ಹಕ್ಕಿನ ಪ್ರಬಲ ಸಮರ್ಥಕರಾದ ಸೆನೆಟರ್ ಎಡ್ವರ್ಡ್ ಕೆನಡಿ, 1971ರಲ್ಲಿ ಪತ್ರವೊಂದರಲ್ಲಿ ಹುಟ್ಟದ ಶಿಶುವಿನ ಪರವಾಗಿ ಬರೆದಿದ್ದರು. ಮಿಷಿಗನ್ ರಾಜ್ಯದಲ್ಲಿಯೇ 1972ರ ನವೆಂಬರಿನಲ್ಲಿ, ಇಪ್ಪತ್ತು ವಾರಗಳವರೆಗಿನ ಗರ್ಭಪಾತಕ್ಕೆ ಅವಕಾಶ ನೀಡುವ ಪ್ರಸ್ತಾವವೊಂದು ಜನಮತಕ್ಕೆ ಬಂದಾಗ ಸುಮಾರು ಶೇ 61ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ಮೋಟಾರು ಕಾರ್ಖಾನೆಗಳ, ಬಲಿಷ್ಠ ಕಾರ್ಮಿಕ ಸಂಘಟನೆಗಳ ನಾಡದು. ಸಂಘದ ಸದಸ್ಯತ್ವದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಭಾನುವಾರ ಚರ್ಚಿಗೆ ಹೋಗುತ್ತಿದ್ದ ಕಾರ್ಮಿಕನಿಗೆ ಅಂದು ಎರಡರ ನಡುವೆ ವೈರುಧ್ಯ ಕಂಡಿರಲಿಲ್ಲ. ನನ್ನ ನೆರೆಯಾಕೆಯ ತಾಯಿಯೂ ಅಂದು ವಿರುದ್ಧವಾಗಿ ಮತ ಹಾಕಿದವರೇ. ಜೀವನದುದ್ದಕ್ಕೂ ಡೆಮಾಕ್ರಾಟ್ ಆಗಿಯೇ ಉಳಿದವರು.

ಎರಡೇ ತಿಂಗಳಲ್ಲಿ, 1973ರ ಜನವರಿ 22ರಂದು, ಅಮೆರಿಕದ ಸುಪ್ರೀಂ ಕೋರ್ಟು ‘ರೋ ವಿರುದ್ಧ ವೇಡ್’ ಪ್ರಕರಣದಲ್ಲಿ ತೀರ್ಪಿತ್ತು ಪ್ರಶ್ನೆಯನ್ನು ರಾಜ್ಯಗಳ ಕೈಯಿಂದ ಕಿತ್ತುಕೊಂಡಿತು. ಅನಂತರದ ಐವತ್ತು ವರ್ಷಗಳ ಕಾಲ ಈ ವಿಷಯದಲ್ಲಿ ಸಾಮಾನ್ಯ ಮತದಾರನಿಗೆ ಉಳಿದ ಮುಖ್ಯ ದಾರಿ ಪಕ್ಷವೇ. ಅಧ್ಯಕ್ಷನು ನ್ಯಾಯಮೂರ್ತಿಯನ್ನು ನಾಮಕರಣ ಮಾಡುತ್ತಾನೆ, ನ್ಯಾಯಮೂರ್ತಿ ತೀರ್ಪು ಬದಲಿಸುತ್ತಾನೆ ಎಂಬ ದೂರದ ನಿರೀಕ್ಷೆಯಲ್ಲಿ ಲಕ್ಷಾಂತರ ಜನರು ಮಿಕ್ಕೆಲ್ಲ ವಿಷಯಗಳನ್ನು ಬದಿಗಿಟ್ಟು ಮತ ಹಾಕಿದರು. ಹೀಗೆ ಗಂಟು ಬಿಗಿಯಾಯಿತು.

ಬಿಗಿಯಾದ ಗಂಟಿನಲ್ಲಿ ಸಿಕ್ಕಿಬಿದ್ದವರ ಪಾಡಿಗೆ ಬಾರ್ಟ್ ಸ್ಟೂಪಕ್ ಅವರಿಗಿಂತ ಉತ್ತಮ ನಿದರ್ಶನ ನನಗೆ ತಿಳಿಯದು. ಮಿಷಿಗನ್ನಿನ ಉತ್ತರ ಭಾಗವನ್ನು 1993ರಿಂದ ಪ್ರತಿನಿಧಿಸುತ್ತಿದ್ದ ಈ ಡೆಮಾಕ್ರಾಟ್ ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದವರು. ಗರ್ಭಪಾತದ ವಿರೋಧಿ, ಆದರೆ ಬಡವರಿಗೆ ಆರೋಗ್ಯ ವಿಮೆ ದೊರೆಯಬೇಕೆಂಬುದರ ದೃಢ ಸಮರ್ಥಕ. ಒಬಾಮ ಆಡಳಿತದ ಆರೋಗ್ಯ ಮಸೂದೆ 2009ರ ನವೆಂಬರಿನಲ್ಲಿ ಪ್ರತಿನಿಧಿ ಸಭೆಗೆ ಬಂದಾಗ, ಸರ್ಕಾರಿ ನೆರವಿನ ವಿಮೆಯ ಹಣ ಗರ್ಭಪಾತಕ್ಕೆ ಬಳಕೆಯಾಗಕೂಡದೆಂಬ ಅವರ ತಿದ್ದುಪಡಿಗೆ 64 ಡೆಮಾಕ್ರಾಟರು ಬೆಂಬಲವಿತ್ತರು. ಆಗ ಹಕ್ಕಿನ ಪರವಾಗಿದ್ದ ಸಂಘಟನೆಗಳು ಅವರ ಮೇಲೆ ಮುಗಿಬಿದ್ದವು. 2010ರ ಮಾರ್ಚಿನಲ್ಲಿ, ತಿದ್ದುಪಡಿಯಿಲ್ಲದ ಅಂತಿಮ ಮಸೂದೆಗೆ ಅಧ್ಯಕ್ಷರ ಕಾರ್ಯಾದೇಶದ ಭರವಸೆಯ ಮೇಲೆ ಅವರು ಒಪ್ಪಿಗೆಯಿತ್ತಾಗ ಇನ್ನೊಂದು ಪಾಳೆಯ ತಿರುಗಿಬಿದ್ದಿತು. ಅವರು ಮಾತನಾಡುತ್ತಿದ್ದಾಗಲೇ ಎದುರು ಪಕ್ಷದ ಸದಸ್ಯರೊಬ್ಬರು ‘ಶಿಶುಘಾತಕ’ ಎಂಬರ್ಥದ ಮಾತನ್ನು ಕೂಗಿದರು. ತಾನು ಅಂದದ್ದು ವ್ಯಕ್ತಿಯನ್ನಲ್ಲ, ಒಪ್ಪಂದವನ್ನು ಎಂದು ಆಮೇಲೆ ಸಮಜಾಯಿಷಿ ಬಂತು. ಅವರನ್ನು ಸನ್ಮಾನಿಸಲು ಸಿದ್ಧವಾಗಿದ್ದ ಗರ್ಭಪಾತವಿರೋಧಿ ಸಂಘಟನೆಯೊಂದು ಪ್ರಶಸ್ತಿಯನ್ನೇ ಹಿಂತೆಗೆದುಕೊಂಡಿತು. ಮುಂದಿನ ತಿಂಗಳೇ ಅವರು ಮರುಸ್ಪರ್ಧೆಯಿಂದ ಹಿಂದೆ ಸರಿದರು. 2021ರ ಸೆಪ್ಟೆಂಬರಿನಲ್ಲಿ ಗರ್ಭಪಾತದ ಹಕ್ಕನ್ನು ಕಾನೂನಾಗಿಸುವ ಮಸೂದೆ ಅದೇ ಸಭೆಯಲ್ಲಿ ಮತಕ್ಕೆ ಬಂದಾಗ ವಿರೋಧಿಸಿದ ಡೆಮಾಕ್ರಾಟ್ ಒಬ್ಬರೇ ಒಬ್ಬರು. ಬೆಂಬಲಿಸಿದ ರಿಪಬ್ಲಿಕನ್ ಒಬ್ಬರೂ ಇರಲಿಲ್ಲ. ಒಂದು ಪಕ್ಷದ ಮತದಾರರಲ್ಲಿ ಇಷ್ಟು ಏಕಾಭಿಪ್ರಾಯವಿರಲು ಸಾಧ್ಯವೇ?

ಸಾಧ್ಯವಿಲ್ಲವೆಂಬುದು ಮರುವರ್ಷವೇ ಋಜುವಾತಾಯಿತು. 2022ರ ಜೂನ್ 24ರಂದು ಸುಪ್ರೀಂ ಕೋರ್ಟು ‘ರೋ’ ತೀರ್ಪನ್ನು ರದ್ದುಗೊಳಿಸಿ ಪ್ರಶ್ನೆಯನ್ನು ರಾಜ್ಯಗಳಿಗೆ ಹಿಂದಿರುಗಿಸಿದಾಗ, ಅರ್ಧ ಶತಮಾನದ ತರುವಾಯ ಗಂಟು ಬಿಚ್ಚಿಕೊಂಡಿತು. ರಿಪಬ್ಲಿಕನ್ ಪಕ್ಷದ ಭದ್ರಕೋಟೆಯಾದ ಕ್ಯಾನ್ಸಸ್‌ನಲ್ಲಿ ಅದೇ ಆಗಸ್ಟ್ ತಿಂಗಳಲ್ಲಿ ಜನರನ್ನು ನೇರವಾಗಿ ಕೇಳಿದಾಗ, ಸಂವಿಧಾನದಿಂದ ಗರ್ಭಪಾತದ ರಕ್ಷಣೆಯನ್ನು ತೆಗೆದುಹಾಕುವ ಪ್ರಸ್ತಾವವನ್ನು ಸುಮಾರು ಶೇ 59 ಮಂದಿ ತಿರಸ್ಕರಿಸಿದರು. ಮಿಸೂರಿಯಲ್ಲಿ 2024ರಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಶೇ 58ರಷ್ಟು ಮತ ನೀಡಿದ ಜನರೇ, ಅದೇ ದಿನ, ಗರ್ಭಪಾತದ ಹಕ್ಕಿನ ತಿದ್ದುಪಡಿಗೂ ಅಲ್ಪ ಬಹುಮತದಿಂದ ಒಪ್ಪಿಗೆ ಕೊಟ್ಟರು. ಮಿಷಿಗನ್ನಿನಲ್ಲಿ 2022ರ ನವೆಂಬರ್ 8ರಂದು ಮೂರನೆಯ ಪ್ರಸ್ತಾವ ಸುಮಾರು ಶೇ 57ರಷ್ಟು ಮತ ಗಳಿಸಿ ಅಂಗೀಕಾರವಾಯಿತು. 1972ರಲ್ಲಿ ‘ಬೇಡ’ ಎಂದ ರಾಜ್ಯ 2022ರಲ್ಲಿ ‘ಬೇಕು’ ಎಂದಿತು. ಎರಡು ಸಲವೂ ಜನರನ್ನು ಅದೊಂದೇ ಪ್ರಶ್ನೆಯ ಮೇಲೆ ಕೇಳಲಾಗಿತ್ತು ಎಂಬುದು ಮುಖ್ಯ. ನನ್ನ ನೆರೆಯಾಕೆ ಸೋತರು ನಿಜ. ಆದರೆ ಆ ಸೋಲಿನಲ್ಲಿ ಅವರಿಗೆ ಅವಮಾನವಿರಲಿಲ್ಲ. ಅವರ ಅಭಿಪ್ರಾಯ ಎಣಿಕೆಗೆ ಸಿಕ್ಕಿತು, ಅಲ್ಪಮತವೆಂದು ತಿಳಿಯಿತು. ಪಕ್ಷದ ಗಂಟಿನೊಳಗೆ ಕರಗಿಹೋಗಿದ್ದ ಐವತ್ತು ವರ್ಷಗಳಿಗಿಂತ ಇದು ಹೆಚ್ಚು ಗೌರವದ ಸ್ಥಿತಿ ಎಂದೇ ನನ್ನ ಭಾವನೆ. ಜನಮತವೆಂಬುದು ಅಪಾಯರಹಿತ ಸಾಧನವಲ್ಲ. ಅಲ್ಪಸಂಖ್ಯಾತರ ಹಕ್ಕುಗಳನ್ನು ಬಹುಮತದ ತಕ್ಕಡಿಗೆ ಹಾಕಬಾರದೆಂಬ ವಾದದಲ್ಲಿ ಹುರುಳಿದೆ. ಆದರೂ ಜನರು ಪಕ್ಷಗಳಂತೆ ಯೋಚಿಸುವುದಿಲ್ಲವೆಂದು ತಿಳಿಯಲು ಇದಕ್ಕಿಂತ ನೇರವಾದ ದಾರಿಯಿಲ್ಲ.

ಮತದ ವಿಚಾರ ಹೀಗಾದರೆ ಕಾರ್ಮಿಕ ಸಂಘದ ವಿಚಾರ ಇನ್ನೂ ಸೂಕ್ಷ್ಮ. ಮತಪತ್ರ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುವಂಥದು. ಸಂಘದ ಚಂದಾ ಪ್ರತಿ ತಿಂಗಳೂ ಸಂಬಳದಲ್ಲಿ ಕಡಿತವಾಗುತ್ತದೆ. ಅಮೆರಿಕದ ಶಿಕ್ಷಕರ ರಾಷ್ಟ್ರೀಯ ಸಂಘಟನೆಯು ಸಂತಾನ ಸಂಬಂಧಿ ಆಯ್ಕೆಯ ಹಕ್ಕನ್ನು ತನ್ನ ನಿರ್ಣಯಗಳಲ್ಲಿ ಬೆಂಬಲಿಸುತ್ತಾ ಬಂದಿದೆ. ಹಾಗಾದರೆ ಇದನ್ನು ಪಾಪವೆಂದು ನಂಬುವ ಶಿಕ್ಷಕಿ ಆ ಸಂಘಟನೆಗೆ ಹಣ ಕೊಡಬೇಕೇ? ಕೊಡದಿದ್ದರೆ, ಅದು ಹೋರಾಡಿ ಗಳಿಸಿದ ವೇತನ ಹೆಚ್ಚಳವನ್ನು ಬಿಟ್ಟಿಯಾಗಿ ಅನುಭವಿಸಿದಂತಾಗುವುದಿಲ್ಲವೇ? ಡೆಟ್ರಾಯಿಟ್ ಶಿಕ್ಷಕರ ಪ್ರಕರಣವೊಂದರಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಮಧ್ಯಮಾರ್ಗವೊಂದನ್ನು ಹೇಳಿತು: ವೇತನ ಸಂಧಾನದ ವೆಚ್ಚಕ್ಕೆ ಸದಸ್ಯರಲ್ಲದವರೂ ಶುಲ್ಕ ಕೊಡತಕ್ಕದ್ದು; ಸಂಘದ ರಾಜಕೀಯ ಹಾಗೂ ಸೈದ್ಧಾಂತಿಕ ಚಟುವಟಿಕೆಗಳಿಗೆ ಅವರಿಂದ ಬಲವಂತವಾಗಿ ವಸೂಲು ಮಾಡುವಂತಿಲ್ಲ.

ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಅದೇ ನಗರದ ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಎಂಜಿನಿಯರಿಂಗ್ ಅಧ್ಯಾಪಕರೊಬ್ಬರು ಈ ಮಧ್ಯಮಾರ್ಗ ಸಾಲದೆಂದು ಪಟ್ಟುಹಿಡಿದರು. ಅಲ್ಲಿನ ಅಧ್ಯಾಪಕರ ಸಂಘ ರಾಜ್ಯ ಮತ್ತು ರಾಷ್ಟ್ರಮಟ್ಟದ ಶಿಕ್ಷಕ ಸಂಘಟನೆಗಳಿಗೆ ಸೇರಿತ್ತು. ಗರ್ಭಪಾತಕ್ಕೆ ಸಂಬಂಧಿಸಿದ ಪಾಲನ್ನು ಕಳೆದು ಉಳಿದದ್ದನ್ನು ಕೊಡಿ ಎಂದಾಗ ಅವರು ಒಪ್ಪಲಿಲ್ಲ. ತಮ್ಮ ಆಕ್ಷೇಪವಿರುವುದು ನಾಲ್ಕಾರು ಡಾಲರುಗಳ ಬಗ್ಗೆಯಲ್ಲ, ಅಂಥ ಸಂಘಟನೆಯೊಡನೆ ನಂಟು ಹೊಂದುವುದರ ಬಗ್ಗೆಯೇ ಎಂಬುದು ಅವರ ವಾದ. ಅವರನ್ನು ಕೆಲಸದಿಂದ ತೆಗೆಯಲಾಯಿತು. ಕ್ಯಾಥೊಲಿಕ್ ನಂಬಿಕೆಗಾಗಿ ಕ್ಯಾಥೊಲಿಕನೊಬ್ಬನು ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ಸಂಸ್ಥೆಯಲ್ಲಿಯೇ ನೌಕರಿ ಕಳೆದುಕೊಂಡನೆಂಬ ವಿಪರ್ಯಾಸವನ್ನು ಕಾದಂಬರಿಕಾರನೂ ಕಲ್ಪಿಸಲು ಹಿಂಜರಿದಾನು. ಧಾರ್ಮಿಕ ನಂಬಿಕೆಗೆ ಉದ್ಯೋಗದಾತನು ಸಮಂಜಸವಾದ ಅವಕಾಶ ಕಲ್ಪಿಸಬೇಕೆಂಬ ನಾಗರಿಕ ಹಕ್ಕುಗಳ ಕಾಯ್ದೆಯ ಆಧಾರದಲ್ಲಿ ಸಮಾನ ಉದ್ಯೋಗಾವಕಾಶ ಆಯೋಗವೇ ಅವರ ಪರವಾಗಿ ದಾವೆ ಹೂಡಿತು. 1990ರಲ್ಲಿ ಮೇಲ್ಮನವಿ ನ್ಯಾಯಾಲಯವು ಅಧ್ಯಾಪಕರ ಮಾತಿನಲ್ಲಿ ಸತ್ವವಿದೆಯೆಂದಿತು. ಹಣದ ಲೆಕ್ಕವನ್ನಷ್ಟೇ ನೋಡಿದರೆ ಸಾಲದು, ಸಂಘಟನೆಯೊಡನೆ ನಂಟಿನ ಆಕ್ಷೇಪವನ್ನೂ ಪರಿಗಣಿಸಬೇಕೆಂದು ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು.

ಇಂಥ ವಿವಾದಗಳಿಗೆ ಅಲ್ಲಿ ಕ್ರಮೇಣ ರೂಢಿಯಾದ ಪರಿಹಾರವನ್ನು ನಾನು ಮೆಚ್ಚುತ್ತೇನೆ. ಆಕ್ಷೇಪವುಳ್ಳ ನೌಕರನು ಶುಲ್ಕದಷ್ಟೇ ಮೊತ್ತವನ್ನು ಸಂಘಕ್ಕೆ ಕೊಡದೆ ಧರ್ಮಾರ್ಥ ಸಂಸ್ಥೆಯೊಂದಕ್ಕೆ ಕೊಡುತ್ತಾನೆ. ಹಣ ನೀರಿನಂತೆ, ಒಂದು ಕಾಲುವೆಗೆ ಅಡ್ಡಗಟ್ಟೆ ಹಾಕಿದರೆ ಇನ್ನೊಂದರಿಂದ ಹರಿದು ಅದೇ ಕೆರೆ ಸೇರುತ್ತದೆ. ಆದ್ದರಿಂದ ಶೇಕಡಾವಾರು ಕಡಿತವೆಂಬುದು ಲೆಕ್ಕಪತ್ರದ ಸಮಾಧಾನ ಮಾತ್ರ. ಧರ್ಮಾರ್ಥ ಪಾವತಿಯಲ್ಲಾದರೋ ಸಂಘಕ್ಕೆ ಕಾಸೂ ಹೋಗುವುದಿಲ್ಲ, ಆದರೆ ನೌಕರನ ಜೇಬಿನಲ್ಲಿ ಕಾಸೂ ಉಳಿಯುವುದಿಲ್ಲ. ಹಣ ಉಳಿಸಲೆಂದು ಅಂತಃಸಾಕ್ಷಿಯ ಸೋಗು ಹಾಕುವವನಿಗೆ ಇಲ್ಲಿ ಲಾಭವಿಲ್ಲ. ನಿಜವಾಗಿ ನೊಂದವನಿಗೆ ಮಾತ್ರ ದಾರಿಯಿದೆ. ಹಲವು ವರ್ಷ ಸರ್ಕಾರಿ ರಿಯಾಯಿತಿಗಳ ಅರ್ಜಿಗಳನ್ನು ಪರಿಶೀಲಿಸಿದ ನನಗೆ, ಅರ್ಹರನ್ನೂ ಅನರ್ಹರನ್ನೂ ತಾನಾಗಿಯೇ ಬೇರ್ಪಡಿಸುವ ನಿಯಮ ಎಷ್ಟು ಅಪರೂಪವೆಂಬುದು ಗೊತ್ತು. 2018ರಲ್ಲಿ ಸುಪ್ರೀಂ ಕೋರ್ಟು ಹಳೆಯ ತೀರ್ಪನ್ನು ಅಳಿಸಿ, ಸರ್ಕಾರಿ ನೌಕರರಲ್ಲಿ ಸಂಘಕ್ಕೆ ಸೇರದವರು ಯಾವ ಶುಲ್ಕವನ್ನೂ ಕೊಡಬೇಕಾಗಿಲ್ಲವೆಂದು ಹೇಳಿತು. ಈಗ ಅಂತಃಸಾಕ್ಷಿಯುಳ್ಳವನೂ ಕೇವಲ ಜಿಪುಣನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಅಂತಃಸಾಕ್ಷಿಯ ವಿಜಯವಲ್ಲ, ಅದರ ಅಪಮೌಲ್ಯ.

ನನ್ನ ನೆರೆಯಾಕೆ ಈ ಯಾವ ದಾರಿಯನ್ನೂ ಹಿಡಿದವರಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಅತೃಪ್ತ ಸದಸ್ಯನ ಮುಂದೆ ಎರಡು ಮಾರ್ಗಗಳಿವೆಯೆಂದು ವಿವರಿಸಿದ್ದರು: ಹೊರನಡೆಯುವುದು, ಇಲ್ಲವೇ ಒಳಗಿದ್ದೇ ದನಿಯೆತ್ತುವುದು, ಇವೆರಡರ ನಡುವಿನ ಆಯ್ಕೆಯನ್ನು ನಿಷ್ಠೆ ಪ್ರಭಾವಿಸುತ್ತದೆ. ಈಕೆ ಒಳಗೇ ಉಳಿದರು. ಗಂಡನ ದೀರ್ಘ ಕಾಯಿಲೆಯ ಕಾಲದಲ್ಲಿ ಮನೆಯನ್ನು ಉಳಿಸಿದ್ದು ಸಂಘವು ಹೋರಾಡಿ ಪಡೆದ ಆರೋಗ್ಯ ವಿಮೆ. ಅದನ್ನು ಹೇಗೆ ಮರೆಯಲಿ ಎಂಬುದು ಅವರ ಮಾತು. ಸ್ಥಳೀಯ ಸಭೆಯಲ್ಲಿ ಮತ್ತೆ ಮತ್ತೆ ಎದ್ದುನಿಂತು, ಸಂಘವು ಪಾಠ-ಸಂಬಳಗಳ ವಿಚಾರಕ್ಕೆ ಸೀಮಿತವಾಗಿರಲಿ ಎಂದು ಕೇಳುತ್ತಿದ್ದರಂತೆ, ಪ್ರತಿಬಾರಿಯೂ ಸೋಲುತ್ತಿದ್ದರಂತೆ. ಅವರು ಎದ್ದಾಗ ಸಭೆಯಲ್ಲಿ ನಿಟ್ಟುಸಿರು ಕೇಳುತ್ತಿತ್ತು ಎಂದು ನಗುತ್ತಲೇ ಹೇಳಿದರು.

ಇದನ್ನು ಕೇಳುವಾಗ ಮೂರೂವರೆ ದಶಕಗಳ ಹಿಂದಿನ ತಾಲ್ಲೂಕು ಆಸ್ಪತ್ರೆಯೊಂದು ನೆನಪಾಯಿತು. ಅದು ಕುಟುಂಬ ಯೋಜನೆಯ ಗುರಿಗಳ ಕಾಲ. ತಿಂಗಳ ಸಭೆಗಳಲ್ಲಿ ಎಷ್ಟು ಶಸ್ತ್ರಚಿಕಿತ್ಸೆಗಳಾದವೆಂದು ಅಂಕಣವಾರು ಲೆಕ್ಕ ಒಪ್ಪಿಸುತ್ತಿದ್ದೆವು, ಅಂಕಣದೊಳಗಿನ ಹೆಂಗಸರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. (ಈ ಗುರಿ ಪದ್ಧತಿಯನ್ನು ಸರ್ಕಾರ 1996ರಲ್ಲಿ ಕೈಬಿಟ್ಟಿತು, ಬೇಗ ಬಿಟ್ಟಿತೆಂದು ಯಾರೂ ಹೇಳಲಾರರು.) ಅಲ್ಲಿದ್ದ ಕ್ರೈಸ್ತ ದಾದಿಯೊಬ್ಬರು ಗರ್ಭಪಾತದ ಕೊಠಡಿಯ ಸರದಿ ಬಂದಾಗಲೆಲ್ಲ ಸಹೋದ್ಯೋಗಿಯೊಡನೆ ಪಾಳಿ ಬದಲಾಯಿಸಿಕೊಳ್ಳುತ್ತಿದ್ದರು, ಪ್ರತಿಯಾಗಿ ಆಕೆಯ ರಾತ್ರಿಪಾಳಿಯನ್ನು ತಾವು ಮಾಡುತ್ತಿದ್ದರು. ರೋಗಿಗೆ ತೊಂದರೆಯಾಗಲಿಲ್ಲ, ಅರ್ಜಿ ಬರಲಿಲ್ಲ, ಟಿಪ್ಪಣಿ ಹುಟ್ಟಲಿಲ್ಲ. ಅಮೆರಿಕದ ನ್ಯಾಯಾಲಯ ಪುಟಗಟ್ಟಲೆ ಬರೆದು ಹುಡುಕಿದ ಪರಿಹಾರವನ್ನು ಇಬ್ಬರು ದಾದಿಯರು ಹಾಜರಿ ಪುಸ್ತಕದಲ್ಲಿಯೇ ಕಂಡುಕೊಂಡಿದ್ದರು.

ಇಷ್ಟಾದ ಮೇಲೆ ನನ್ನ ನಿಲುವನ್ನು ಮುಚ್ಚಿಡುವುದು ತರವಲ್ಲ. ಗರ್ಭವನ್ನು ಮುಂದುವರಿಸುವ ಅಥವಾ ಕೊನೆಗೊಳಿಸುವ ನಿರ್ಧಾರ ಆ ಮಹಿಳೆಗೂ ಆಕೆಯ ವೈದ್ಯರಿಗೂ ಸೇರಿದ್ದೆಂದು, ಕಾನೂನು ಮಿತಿ ಹಾಕಬಹುದಾದರೂ ಬಾಗಿಲು ಮುಚ್ಚಬಾರದೆಂದು ನಾನು ನಂಬಿದ್ದೇನೆ. ಈ ನಂಬಿಕೆ ಗಟ್ಟಿಯಾದದ್ದು ಪುಸ್ತಕದಿಂದಲ್ಲ, ನಮ್ಮ ಬೆಳಗಾವಿಯ ಹೆಣ್ಣುಮಗಳೊಬ್ಬಳ ಸಾವಿನಿಂದ. ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ದಾಖಲಾದಾಗ ಹದಿನೇಳು ವಾರಗಳ ಗರ್ಭಿಣಿ. ಗರ್ಭ ಉಳಿಯದೆಂಬುದು ಖಚಿತವಾಗಿತ್ತು. ಗರ್ಭಪಾತ ಮಾಡಿರೆಂದು ಆಕೆ ಕೇಳಿಕೊಂಡಾಗ, ಭ್ರೂಣದ ಹೃದಯಬಡಿತ ಇನ್ನೂ ಕೇಳುತ್ತಿರುವುದರಿಂದ ಸಾಧ್ಯವಿಲ್ಲವೆಂಬ ಉತ್ತರ ಬಂತು. ಸೋಂಕು ರಕ್ತಕ್ಕೆ ಹರಡಿತು. ಅಕ್ಟೋಬರ್ 28ರಂದು ಆಕೆ ತೀರಿಕೊಂಡರು. ವಯಸ್ಸು ಮೂವತ್ತೊಂದು. ತಾಯಿಯ ಜೀವಕ್ಕೂ ಹುಟ್ಟದ ಜೀವಕ್ಕೂ ಸಮಾನ ಹಕ್ಕೆಂದು ಐರ್ಲೆಂಡಿನ ಸಂವಿಧಾನದ ಎಂಟನೆಯ ತಿದ್ದುಪಡಿ ಸಾರಿತ್ತು. 1983ರಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಅದನ್ನು ಒಪ್ಪಿದ್ದರು. ಕೇಳಲು ನ್ಯಾಯವಾಗಿ ತೋರುವ ಆ ವಾಕ್ಯ ಆಸ್ಪತ್ರೆಯ ಕೊಠಡಿಯೊಳಗೆ ಹೊಕ್ಕಾಗ ವೈದ್ಯರ ಕೈ ಕಟ್ಟಿತು. ಚಿಕಿತ್ಸೆಯಲ್ಲಿನ ಲೋಪಗಳೂ ವಿಚಾರಣೆಯಲ್ಲಿ ಹೊರಬಂದವು, ನಿಜ. ಆದರೆ ಕಾನೂನಿನ ಭಯ ಆ ಕೊಠಡಿಯಲ್ಲಿ ಇರಲಿಲ್ಲವೆಂದು ಹೇಳುವವರು ಕಡಿಮೆ. 2018ರ ಮೇ 25ರಂದು ಅದೇ ದೇಶದ ಶೇ 66ಕ್ಕೂ ಹೆಚ್ಚು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಸವಿತಾಳ ಚಿತ್ರ ಡಬ್ಲಿನ್ನಿನ ಗೋಡೆಯ ಮೇಲೆ ಮೂಡಿತು. ಮತ ಹಾಕಿ ಬಂದವರು ಅದರ ಸುತ್ತ ಚೀಟಿಗಳನ್ನು ಅಂಟಿಸಿಹೋದರು.

ಈ ಕಥೆಯನ್ನು ನನ್ನ ನೆರೆಯಾಕೆಗೆ ಹೇಳಿದ್ದೆ. ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅತಿಥಿಯಾಗಿ ಬಂದವನು ಅನ್ಯರ ನಂಬಿಕೆಯ ಮೇಲೆ ಹೆಣವೊಂದನ್ನು ತಂದಿಡುವುದು ಸೌಜನ್ಯವೇ? ಆದರೆ ಸೌಜನ್ಯದ ಹೆಸರಿನಲ್ಲಿ ವಿಷಯವನ್ನೇ ಎತ್ತದಿರುವುದೂ ಒಂದು ಬಗೆಯ ತಿರಸ್ಕಾರ. ನಿಮ್ಮೊಡನೆ ವಾದಿಸಿ ಪ್ರಯೋಜನವಿಲ್ಲವೆಂದು ಮೊದಲೇ ತೀರ್ಮಾನಿಸಿದಂತೆ. ನಿತ್ಯದ ಮಾತುಕತೆಯಲ್ಲಿ ನಾವು ಮಾಡುವ ದೊಡ್ಡ ತಪ್ಪು ಇದೇ ಇರಬೇಕು. ಎದುರಿನವರ ಒಂದು ಅಭಿಪ್ರಾಯ ತಿಳಿದೊಡನೆ ಮಿಕ್ಕ ಹತ್ತನ್ನು ನಾವೇ ತುಂಬಿಕೊಳ್ಳುತ್ತೇವೆ, ಆಮೇಲೆ ಆ ಹತ್ತರೊಡನೆ ಜಗಳವಾಡುತ್ತೇವೆ. ಮಗನ ಸ್ನೇಹಿತರ ವಲಯದ ಕನ್ನಡಿಗರಲ್ಲಿಯೂ ಇದನ್ನು ಕಂಡೆ. ಆ ಎರಡು ಫಲಕಗಳ ಮನೆಯ ಬಗ್ಗೆ ಅವರೆಲ್ಲರಿಗೂ ಕುತೂಹಲವಿತ್ತು, ಆದರೆ ಒಬ್ಬರೂ ಆಕೆಯನ್ನು ಕೇಳಿರಲಿಲ್ಲ.

ನಾವು ಭಾರತೀಯರು ಈ ವಿಷಯದಲ್ಲಿ ಬೀಗುವಂತಿಲ್ಲ. ನಮ್ಮ ಸಂಸತ್ತು 1971ರಲ್ಲಿ ಗರ್ಭಪಾತ ಕಾಯ್ದೆಯನ್ನು ಅಂಗೀಕರಿಸಿತು. 2021ರಲ್ಲಿ ಅದನ್ನು ವಿಸ್ತರಿಸಿದಾಗ ಮಸೂದೆ ಧ್ವನಿಮತದಿಂದಲೇ ತೇಲಿಹೋಯಿತು. ಉದಾರವಾದ ಕಾನೂನು ನಮಗೆ ದೊರೆತದ್ದು ಚರ್ಚೆಯಿಂದಲ್ಲ, ಚರ್ಚೆಯ ಅಭಾವದಿಂದ. ಅದರ ಫಲವಾಗಿ ನಮ್ಮ ಭಾಷೆಯೂ ಮಸುಕಾಗಿಯೇ ಉಳಿದಿದೆ. ಲಿಂಗಪತ್ತೆಯ ಪಿಡುಗನ್ನು ತಡೆಯಲು 1994ರಲ್ಲಿ ಬೇರೆಯೇ ಕಾಯ್ದೆ ಬಂತು. ಆದರೆ ‘ಭ್ರೂಣಹತ್ಯೆ ಮಹಾಪಾಪ’ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿದಾಗ, ಕಾನೂನುಬದ್ಧ ಗರ್ಭಪಾತಕ್ಕಾಗಿ ಬಂದ ಹೆಂಗಸಿಗೆ ನಾವು ಏನು ಹೇಳುತ್ತಿದ್ದೇವೆಂದು ಯೋಚಿಸಲಿಲ್ಲ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಬಯಲಾದಾಗಲೂ ಮಾತು ಹತ್ಯೆಯ ಸುತ್ತಲೇ ಸುತ್ತಿತು; ಹೆಣ್ಣು ಬೇಡವೆಂಬ ಮನೆಯ ಬಗ್ಗೆ ಮಾತು ಬೇಗ ಮುಗಿಯಿತು. ಹೆಣ್ಣುಶಿಶು ಉಳಿಯಬೇಕು ಎಂಬುದನ್ನೂ ಗರ್ಭದ ನಿರ್ಧಾರ ಹೆಣ್ಣಿನದು ಎಂಬುದನ್ನೂ ಒಟ್ಟಿಗೆ ನಂಬುವ ನಮ್ಮ ಮಹಿಳಾ ಸಂಘಟನೆಗಳಿಗೆ, ನನ್ನ ನೆರೆಯಾಕೆಯ ಎರಡು ಫಲಕಗಳ ಕಷ್ಟ ಅರ್ಥವಾದೀತೆಂದು ನನಗೆ ಅನಿಸುತ್ತದೆ.

ಸವಿತಾಳ ಕಥೆ ಕೇಳಿದ ದಿನ ಆಕೆ ಹೆಚ್ಚು ಮಾತನಾಡಲಿಲ್ಲ. ಆಕೆಯ ವಯಸ್ಸು ಕೇಳಿದರು, ತಂದೆತಾಯಿ ಇದ್ದಾರೆಯೇ ಎಂದು ಕೇಳಿದರು. ಮರುದಿನ ಬೆಳಿಗ್ಗೆ ತಾವೇ ಬೇಲಿಯ ಬಳಿಗೆ ಬಂದು, ಮಿಷಿಗನ್ನಿನ 1931ರ ಹಳೆಯ ನಿಷೇಧದ ಕಾಯ್ದೆ ಮತ್ತೆ ಜಾರಿಗೆ ಬಂದಿದ್ದರೆ ಅಂಥ ಹುಡುಗಿಗೆ ಇಲ್ಲಿ ಏನಾಗುತ್ತಿತ್ತೆಂದು ತಮ್ಮ ಪಾದ್ರಿಯನ್ನು ದೂರವಾಣಿಯಲ್ಲಿ ಕೇಳಿದೆನೆಂದರು. ಸಿಕ್ಕ ಉತ್ತರ ಅವರಿಗೆ ತೃಪ್ತಿ ತಂದಿರಲಿಲ್ಲ. “ನಮ್ಮ ಕಡೆಯವರು ಇದನ್ನು ಮೊದಲೇ ಸ್ಪಷ್ಟವಾಗಿ ಬರೆಯಬೇಕಾಗಿತ್ತು,” ಎಂದರು. ಫಲಕವನ್ನು ಮಾತ್ರ ತೆಗೆಯಲಿಲ್ಲ. ಮೂರನೆಯ ಪ್ರಸ್ತಾವಕ್ಕೆ ವಿರುದ್ಧವಾಗಿಯೇ ಮತ ಹಾಕಿದರು. ಅದನ್ನೂ ನನಗೆ ತಿಳಿಸಿದರು. ಚುನಾವಣೆಯ ಮರುದಿನ ಅವರು ಎರಡೂ ಫಲಕಗಳನ್ನು ಕಿತ್ತು ಗ್ಯಾರೇಜಿನ ಗೋಡೆಗೆ ಒಂದರ ಮೇಲೊಂದು ಒರಗಿಸುತ್ತಿದ್ದರು. ಅವರ ಅಭ್ಯರ್ಥಿ ಗೆದ್ದಿದ್ದರು. ಅಂದು ಸಂಜೆ ಸಂಘದ ನಿವೃತ್ತ ಸದಸ್ಯರ ಕೂಟವಿತ್ತು. ಅದಕ್ಕೆ ಒಯ್ಯಲೆಂದು ಮಾಡಿದ ಸೇಬಿನ ಕಡುಬಿನಲ್ಲಿ ಒಂದು ತುಂಡನ್ನು ನಮ್ಮ ಮನೆಗೂ ಕೊಟ್ಟರು.